ಪರೀಕ್ಷೆಗೆ ಓದುವ ಮಾವ

ಕೇರಳದ ಕಾಸರಗೋಡಿನ ಬದಿಯಡ್ಕ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಮಾವನಿಗೆ 66 ವರ್ಷ, ಶುಗರ್ ಬಂದು ಆರು ವರ್ಷ. ರಕ್ತ ಪರೀಕ್ಷೆಗೆ ನಾಲ್ಕು ದಿನ ಇರುವಾಗ ಅನ್ನ ಬಿಟ್ಟು ಹಾಗಲಕಾಯಿ ರಸ ಕುಡಿಯುತ್ತಾರೆ. ಈ ಸಲ ಬರಿಹೊಟ್ಟೆಯದ್ದು 110 ಬಂತು. ಗುಣವಾಯ್ತು ಅಂತ ಮಾತ್ರೆ ಬಿಟ್ಟಿದ್ದಾರೆ. ಚಾಕ್ಕೆ ಸಕ್ಕರೆ ಬದಲು ಓಲೆಬೆಲ್ಲ. ಸೊಸೆ ಹೇಳಿದರೆ ಕೇಳ್ತಾರಾ? ಅಂದ ಹಾಗೆ, ಕಾಲ ಹೆಬ್ಬೆರಳಲ್ಲಿ ಒಂದು ಗಾಯ ಇದೆ, ಹದಿನೈದು ದಿನವಾಯ್ತು, ನೋವಿಲ್ಲವಂತೆ."

ತಂಗಿ, ನಿಮ್ಮ ಪತ್ರವನ್ನು ಕೊನೆಯಿಂದ ಓದಬೇಕು. ಆ 'ನೋವಿಲ್ಲವಂತೆ' ಅನ್ನುವುದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ದರೆ ಪಾದದ ನರ ಸಾಯುತ್ತಾ ಬರುತ್ತದೆ, ಮುಳ್ಳು ಹೊಕ್ಕರೂ ತಿಳಿಯುವುದಿಲ್ಲ, ರಕ್ತದ ಓಟವೂ ಕಡಿಮೆಯಾಗಿ ಗಾಯ ಮಾಗುವುದಿಲ್ಲ. ನಾಳೆ ಬೆಳಿಗ್ಗೆಯೇ ಡಾಕ್ಟರಿಗೆ ತೋರಿಸಿ. ಅರಸಿನ ಹಚ್ಚಿ ಕಾಯುವುದು ಬೇಡ. ನನ್ನ ಸೋದರಮಾವ ಹೀಗೇ ಕಾದರು, ಎರಡು ಬೆರಳು ಹೋಯಿತು. ತೋಟಕ್ಕೆ ಬರಿಗಾಲಲ್ಲಿ ಇಳಿಯುವ ಅಭ್ಯಾಸ ಅವರದ್ದೂ. ಇನ್ನು ಮುಂದೆ ಮಾವನಿಗೆ ಚಪ್ಪಲಿ, ರಾತ್ರಿ ಮಲಗುವ ಮೊದಲು ಪಾದದ ಅಡಿ ಮತ್ತು ಬೆರಳ ಸಂದು ಯಾರಾದರೂ ನೋಡಬೇಕು. ಮೊಮ್ಮಕ್ಕಳಿದ್ದರೆ ಆ ಕೆಲಸ ಅವರಿಗೇ ಕೊಡಿ, ಅವರಿಗೆ ಬೈಯಲಾರರು.

ಈಗ ಆ 110. ಮಾವ ಮಾಡಿದ್ದು ಸುಮ್ನೆ ಶಾಲೆ ಮಕ್ಕಳ ಹಾಗೆ, ಹಿಂದಿನ ದಿನ ಓದಿ ಪಾಸಾದದ್ದು. ಬರಿಹೊಟ್ಟೆಯ ಲೆಕ್ಕ ಆ ಬೆಳಗಿನದ್ದು ಮಾತ್ರ. ಎಚ್‌ಬಿಎ1ಸಿ ಅಂತ ಇನ್ನೊಂದು ಪರೀಕ್ಷೆ ಇದೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಅಷ್ಟು ದಿನ ರಕ್ತದಲ್ಲಿದ್ದ ಸಕ್ಕರೆ ಅದಕ್ಕೆ ಅಂಟಿಕೊಂಡಿರುತ್ತದೆ. ಹಾಗಾಗಿ ಎರಡು ಮೂರು ತಿಂಗಳ ಜಾತಕ ಅದರಲ್ಲಿ ಬರುತ್ತದೆ, ನಾಲ್ಕು ದಿನದ ಹಾಗಲ ರಸ ಅಲ್ಲಿ ನಡೆಯುವುದಿಲ್ಲ. ಅದು ಶೇ. 6.5 ಅಥವಾ ಜಾಸ್ತಿ ಬಂದರೆ ಶುಗರ್ ಇದೆ ಅಂತ ಲೆಕ್ಕ. ಇದ್ದವರಿಗೆ 7ರ ಹತ್ತಿರ ಇಟ್ಟುಕೊಳ್ಳಿ ಅನ್ನುತ್ತಾರೆ, ಪ್ರಾಯವಾದವರಿಗೆ ಡಾಕ್ಟರು ಸ್ವಲ್ಪ ಸಡಿಲ ಬಿಡುವುದೂ ಉಂಟು. ಇನ್ನು, ಮಾತ್ರೆ ತಿಂದದ್ದಕ್ಕೇ ಸರಿ ಬಂದಿರಬಹುದು, ಅಲ್ವಾ? ಅದನ್ನು ಬಿಟ್ಟದ್ದು ಡಾಕ್ಟರಿಗೆ ಗೊತ್ತಿರಲೇಬೇಕು, ಮುಚ್ಚಿಡಬೇಡಿ.

ಓಲೆಬೆಲ್ಲವೂ ಸಕ್ಕರೆಯೇ. ಬಣ್ಣ ಬೇರೆ, ಅಷ್ಟೆ. ಇಂಥ ನಂಬಿಕೆಗೆ ಮಾವನನ್ನು ಒಬ್ಬರನ್ನೇ ದೂರಲಾರೆ. ನಮ್ಮಲ್ಲಿ ಕೈಗೆ ಸಿಗುವ ಕರಪತ್ರ ಹೆಚ್ಚಾಗಿ ಮಲಯಾಳದ್ದು, ಕನ್ನಡ ಶಾಲೆಯಲ್ಲಿ ಕಲಿತ ಹಿರಿಯರಿಗೆ ಮಾತು ಬರುತ್ತದೆ, ಓದಲು ಬಾರದು. ಆಗ ಜಗಲಿಯಲ್ಲಿ ಕೇಳಿದ್ದೇ ವೈದ್ಯ.

ಕುಚ್ಚಿಲಕ್ಕಿ ತಿಂದರೆ ಏನೂ ಆಗುವುದಿಲ್ಲ ಅನ್ನುವುದೂ ಅದೇ ಜಾತಿ. ಬೆಳ್ತಿಗೆ ಅಕ್ಕಿಗಿಂತ ಸಾಮಾನ್ಯವಾಗಿ ಸಕ್ಕರೆ ಏರುವುದು ಸ್ವಲ್ಪ ನಿಧಾನ, ಆದರೆ ಬಟ್ಟಲು ತುಂಬಾ ಗಂಜಿ ಉಂಡರೆ ಆ ಲಾಭವೆಲ್ಲ ಹೋಯಿತು. ಅನ್ನ ಅರ್ಧ ಮಾಡಿ, ಬಸಳೆಯೋ ಅಲಸಂಡೆಯೋ ಹೆಸರುಕಾಳೋ ಜಾಸ್ತಿ ಮಾಡಿ. ಉಪವಾಸ ಬೇಡ. ಮಾತ್ರೆ ತಿಂದು ಊಟ ಬಿಟ್ಟು ಬೆವರು, ನಡುಕ ಬಂದರೆ ಆಗ ಮಾತ್ರ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕೊಡಿ, ಹದಿನೈದು ನಿಮಿಷ ನೋಡಿ, ಸರಿಯಾಗದಿದ್ದರೆ ಇನ್ನೊಮ್ಮೆ. ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ.

ನಿಮ್ಮ ಯಜಮಾನರ ಸುದ್ದಿ ನೀವು ಬರೆದಿಲ್ಲ. ಅಪ್ಪನಿಗಿದ್ದರೆ ಮಗನಿಗೆ ಬರುವ ಸಾಧ್ಯತೆ ಜಾಸ್ತಿ, ಈಗಲೇ ನೋಡಿಸಿ. ಶುಗರ್ ಕಾಯಿಲೆಯ ಗಡಿ ಮುಟ್ಟಿದ್ದರೂ ಹೆದರಬೇಕಾಗಿಲ್ಲ. ನಮ್ಮ ದೇಶದಲ್ಲೇ ಗಡಿಯಲ್ಲಿದ್ದವರಿಗೆ ಊಟ, ನಡಿಗೆ ಸರಿ ಮಾಡಿಸಿ ಮೂರು ವರ್ಷ ನೋಡಿದಾಗ ಕಾಯಿಲೆಗೆ ಜಾರುವುದು ಶೇ. 28.5 ಕಡಿಮೆಯಾಗಿತ್ತು, 2006ರಲ್ಲಿ ಪ್ರಕಟವಾದ ಲೆಕ್ಕ ಅದು.

ಮಾವ ಸಿಟ್ಟು ಮಾಡಿದರೆ ನನ್ನ ಹೆಸರು ಹೇಳಿ, ಎರಡು ಬೆರಳಿನ ಕತೆಯನ್ನೂ ಹೇಳಿ. ಕಾಲು ತೋರಿಸಿ ಬಂದ ಮೇಲೆ ಒಂದು ಸಾಲು ಬರೆಯಿರಿ.

– ಸಂ.