ಆನೆಗೊಂದಿಯಲ್ಲಿ ಜಿಯೋಕ್ಯಾಶಿಂಗ್: ಅಗೆಯದೆ ಹುಡುಕುವ ಬಗೆ

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಮಕ್ಕಳಿಗೆ ಆನೆಗೊಂದಿಯ ಇತಿಹಾಸವನ್ನು ಜಿಯೋಕ್ಯಾಶಿಂಗ್ ಮೂಲಕ, ಅಂದರೆ ಬಚ್ಚಿಟ್ಟ ಡಬ್ಬಿಗಳನ್ನು ಮೊಬೈಲಿನ ಜಿಪಿಎಸ್ ನೆರವಿನಿಂದ ಹುಡುಕುವ ಆಟದ ಮೂಲಕ, ತಿಳಿಸಬೇಕೆಂದಿದ್ದೇನೆ. ಗಗನ್ ಮಹಲ್, ಅರವತ್ನಾಲ್ಕು ಕಂಬದ ಮಂಟಪ, ನವಬೃಂದಾವನಗಳ ಬಳಿ ಡಬ್ಬಿಗಳನ್ನು ಹೂತಿಡಬಹುದೆ? ಸುಳಿವುಗಳು ಹೇಗಿರಬೇಕು?
— ಸಮಾಜವಿಜ್ಞಾನ ಶಿಕ್ಷಕಿ, ಗಂಗಾವತಿ ತಾಲ್ಲೂಕು

ಉತ್ತರ: ದಯವಿಟ್ಟು ಎಲ್ಲಿಯೂ ಹೂಳಬೇಡಿ. 2000ದ ಮೇ 3ರಂದು ಅಮೆರಿಕದ ಒರೆಗಾನ್‌ನಲ್ಲಿ ಡೇವ್ ಉಲ್ಮರ್ ಒಂದು ಬಕೆಟ್ಟನ್ನು ಅಡಗಿಸಿಟ್ಟು ಈ ಆಟವನ್ನು ಆರಂಭಿಸಿದರು. ಆದರೆ ನೆಲ ಅಗೆದು ಡಬ್ಬಿ ಇಡುವುದನ್ನು ಇಂದು ಆಟದ ನಿಯಮಗಳೇ ಸಾಮಾನ್ಯವಾಗಿ ಒಪ್ಪುವುದಿಲ್ಲ. ಆನೆಗೊಂದಿಯಲ್ಲಂತೂ ಇದಕ್ಕಿಂತ ದೊಡ್ಡ ಕಾರಣವಿದೆ. 2019ರ ಜುಲೈಯಲ್ಲಿ ನಿಧಿಗಳ್ಳರು ನವಬೃಂದಾವನದಲ್ಲಿರುವ ಮಾಧ್ವ ಯತಿ ವ್ಯಾಸರಾಜರ ಬೃಂದಾವನವನ್ನೇ (ಸಮಾಧಿಯನ್ನೇ) ಒಡೆದುಹಾಕಿದ ಗಾಯ ಆ ಊರಿನ ಮನಸ್ಸಿನಲ್ಲಿ ಇನ್ನೂ ಹಸಿಯಾಗಿದೆ. ಅಂಥ ಕಡೆ ಕಲ್ಲುಗಳ ಸಂದಿಯಲ್ಲಿ ಕೈಯಾಡಿಸುವ ಮಕ್ಕಳನ್ನು ಕಂಡರೆ ಊರವರು ಆತಂಕಪಡುವುದು ಸಹಜ. ಆದ್ದರಿಂದ ಆಟದ ಹೆಸರಿನಲ್ಲಿ ‘ನಿಧಿ’ ಎಂಬ ಮಾತೂ ಬೇಡವೆಂದು ನನ್ನ ಕಳಕಳಿಯ ಸಲಹೆ.

ಡಬ್ಬಿಯ ಬದಲು ಪ್ರತಿ ತಾಣದಲ್ಲೂ ಒಂದು ಪ್ರಶ್ನೆ ಇರಲಿ. ಅದರ ಉತ್ತರದಿಂದ ಮುಂದಿನ ತಾಣದ ಅಕ್ಷಾಂಶ, ರೇಖಾಂಶಗಳ ಒಂದೊಂದು ಅಂಕಿ ದೊರೆಯಲಿ. ಕಂಬಗಳೆಷ್ಟು ಎಂದು ಅರವತ್ನಾಲ್ಕು ಕಂಬದ ಮಂಟಪದಲ್ಲಿ ಕೇಳಿದರೆ ಮನೆಯಲ್ಲಿ ಕುಳಿತವರೂ ಉತ್ತರಿಸಿಬಿಡುತ್ತಾರೆ. ಅದಕ್ಕಿಂತ, ತುಂಗಭದ್ರಾ ಹೊಳೆಯಲ್ಲಿ ಉಳಿದಿರುವ ಹಳೆಯ ಸೇತುವೆಯ ಕಲ್ಲುಕಂಬಗಳನ್ನು ದಡದಿಂದಲೇ ನೋಡಿಸಿ, ಅವುಗಳ ಸಾಲು ಎದುರು ದಡದ ಯಾವ ಕಡೆಗೆ ಮುಖ ಮಾಡಿದೆಯೆಂದು ಗುರುತಿಸಲು ಹೇಳಿ. ವಿಜಯನಗರದ ಕಾಲದಲ್ಲಿ ಜನ ಎಲ್ಲಿ ಹೊಳೆ ದಾಟುತ್ತಿದ್ದರೆಂಬುದು ಆಗ ಮಕ್ಕಳ ಕಣ್ಣಿಗೇ ಕಾಣುತ್ತದೆ.

ನನ್ನನ್ನು ಕೇಳಿದರೆ ಈ ಆಟದ ಜೀವಾಳವೆಲ್ಲ ಹರಿಗೋಲಿನ ತಾಣದಲ್ಲಿದೆ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಇಲ್ಲಿ ಹೊಳೆ ದಾಟಿಸುವ ದೋಣಿಗಳು ಬುಟ್ಟಿಯಂತೆ ದುಂಡಗಿದ್ದು, ಹೊರಗೆ ಚರ್ಮ ಹೊದೆಸಿಕೊಂಡು, ಹದಿನೈದಿಪ್ಪತ್ತು ಜನರನ್ನು ಹೊತ್ತು, ನೇರವಾಗಿ ಸಾಗಲಾರದೆ ಸುತ್ತುತ್ತಲೇ ಸಾಗುತ್ತವೆಂದು ಬರೆದಿದ್ದಾನೆ. ಆ ಸಾಲುಗಳನ್ನು ಓದಿಸಿದ ಮೇಲೆ ಮಕ್ಕಳು ದಡದಲ್ಲಿ ಬೋರಲಾಗಿಟ್ಟ ಹರಿಗೋಲಿನ ಬಿದಿರಿನ ಹೆಣಿಗೆಯನ್ನು ಕೈಯಿಂದ ಮುಟ್ಟಲಿ, ಚರ್ಮವಿದ್ದ ಕಡೆ ಈಗ ಏನಿದೆಯೆಂದು ನೋಡಲಿ, ಅದು ಯಾವಾಗ ಬದಲಾಯಿತೆಂದು ಹರಿಗೋಲು ನಡೆಸುವ ಹಿರಿಯರನ್ನೇ ಕೇಳಲಿ. ಪಾಯಸ್ ಕಂಡದ್ದರಲ್ಲಿ ಎಷ್ಟು ಉಳಿದಿದೆ, ಎಷ್ಟು ಹೋಗಿದೆ ಎಂಬುದನ್ನು ಅವರವರ ಪಟ್ಟಿಯಲ್ಲೇ ಬರೆದುಕೊಳ್ಳಲಿ.

ಡಬ್ಬಿಯ ಖುಷಿಯೂ ಬೇಕೆಂದಾದರೆ ಒಂದೇ ಒಂದನ್ನು, ಕೊನೆಯ ತಾಣವಾಗಿ, ಪರಿಚಯದವರ ಮನೆಯ ಜಗಲಿಯಲ್ಲೋ ಅಂಗಡಿಯಲ್ಲೋ ಅವರ ಒಪ್ಪಿಗೆ ಪಡೆದು ಇಡಿ. ಒಳಗೊಂದು ನೋಟುಪುಸ್ತಕವಿದ್ದರೆ ಸಾಕು. ಬಂಡೆಗಳ ನಡುವೆ ಮೊಬೈಲಿನ ಜಿಪಿಎಸ್ ಹಲವು ಮೀಟರುಗಳಷ್ಟು ತಪ್ಪು ತೋರಿಸಬಹುದಾದ್ದರಿಂದ ಎಲ್ಲ ತಾಣಗಳನ್ನೂ ಮೊದಲೇ ನಡೆದು ಪರೀಕ್ಷಿಸಿಕೊಳ್ಳಿ. ನಡುಗಡ್ಡೆಯಲ್ಲಿರುವ ನವಬೃಂದಾವನವನ್ನು ಮಾತ್ರ ಆಟದಿಂದ ಹೊರಗಿಡಿ: ಅದು ಪೂಜೆಯ ಸ್ಥಳ, ಜೊತೆಗೆ ತುಂಗಭದ್ರಾ ಅಣೆಕಟ್ಟೆಯಿಂದ ಹೊಳೆಗೆ ಹೆಚ್ಚು ನೀರು ಬಿಟ್ಟ ದಿನಗಳಲ್ಲಿ ಅಲ್ಲಿಗೆ ದಾರಿಯೇ ಇರುವುದಿಲ್ಲ.