ಅಣಬೆಗೆ ಖಾಯಂ ಜಾಗ ಕೇಳಿದ ಮೇಷ್ಟ್ರಿಗೆ

ಓದುಗರೊಬ್ಬರ ಪತ್ರ: "ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಾವು ಓದುವಾಗ ಅಣಬೆ ಸಸ್ಯವಾಗಿತ್ತು, ಈಗ ಅಲ್ಲ ಅನ್ನುತ್ತಾರೆ. ಪ್ಲೂಟೋ ಗ್ರಹವಾಗಿತ್ತು, ಅದೂ ಹೋಯಿತು. ಹೀಗೆ ಪಟ್ಟಿ ಬದಲಾಗುತ್ತಲೇ ಇದ್ದರೆ ಮಕ್ಕಳಿಗೆ ಏನಂತ ಕಲಿಸುವುದು? ವಿಜ್ಞಾನಿಗಳೆಲ್ಲ ಕೂತು ಒಂದು ಪಟ್ಟಿಯನ್ನು ಖಾಯಂ ಮಾಡಬಾರದೇ?"

ಮೇಷ್ಟ್ರೇ, ನಿಮ್ಮ ಕಷ್ಟ ಗೊತ್ತು. ತರಗತಿ ತುಂಬ ಮಕ್ಕಳು, ಎದುರಿಗೆ ಪರೀಕ್ಷೆ. ಹೀಗೂ ಇರಬಹುದು, ಹಾಗೂ ಇರಬಹುದು ಎನ್ನುತ್ತಾ ಕೂತರೆ ಪಾಠ ಮುಗಿಯುವುದಿಲ್ಲ. ಕಲಿಯಲು ಶುರು ಮಾಡುವವರಿಗೆ ಕೈಗೆ ಒಂದು ಪಟ್ಟಿ ಬೇಕು, ಒಪ್ಪಿದೆ.

ಆದರೆ ಖಾಯಂ ಪಟ್ಟಿ ಬೇಕು ಅಂದಿರಲ್ಲ, ಅಲ್ಲಿ ನನ್ನದು ತಕರಾರು. ಅಣಬೆಯನ್ನೇ ನೋಡಿ. ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1735ರಲ್ಲಿ ಪ್ರಕೃತಿಯನ್ನು ಪ್ರಾಣಿ, ಸಸ್ಯ, ಖನಿಜ ಅಂತ ಮೂರು ಪಾಲು ಮಾಡಿದ. ಅಣಬೆ ನಡೆದಾಡುವುದಿಲ್ಲ, ನೆಲದಿಂದ ಏಳುತ್ತದೆ. ಸರಿ, ಸಸ್ಯ! ಅದರೊಳಗೆ ಹಸಿರಿಲ್ಲ, ಬಿಸಿಲಿನಿಂದ ಊಟ ಮಾಡಿಕೊಳ್ಳಲು ಬರುವುದಿಲ್ಲ ಎನ್ನುವುದನ್ನು ಸುಮ್ನೆ ಬದಿಗಿಟ್ಟರು. ಆಮೇಲೆ ಒಳಗೆ ಕಣ್ಣು ಹಾಯಿಸಿದರೆ ಬೇರೆಯದೇ ಲೋಕ. ಗಿಡದ ಕೋಶದ ಗೋಡೆ ಸೆಲ್ಯುಲೋಸಿನದು, ಅಣಬೆಯದು ಕೈಟಿನ್. ಏಡಿಯ ಚಿಪ್ಪಿನಲ್ಲಿ, ಜಿರಳೆಯ ಹೊರಮೈಯಲ್ಲಿ ಇರುವುದೂ ಅದೇ ಕೈಟಿನ್. ಗಿಡ ಪಿಷ್ಟ ಕೂಡಿಡುತ್ತದೆ. ಅಣಬೆ ಕೂಡಿಡುವುದು ಗ್ಲೈಕೋಜೆನ್, ನಮ್ಮ ಲಿವರ್ ಮಾಡುವ ಹಾಗೆ. 1969ರಲ್ಲಿ ಅಮೆರಿಕದ ವಿಜ್ಞಾನಿ ವಿಟೇಕರ್ ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ಪಟ್ಟಿ ಮಾಡಿದಾಗ ಶಿಲೀಂಧ್ರಗಳಿಗೆ, ಅಂದರೆ ಅಣಬೆಯ ಬಳಗಕ್ಕೆ, ಪ್ರತ್ಯೇಕ ಮನೆ ಸಿಕ್ಕಿತು. ಡಿಎನ್‌ಎ ಓದಲು ಬಂದ ಮೇಲೆ ಇನ್ನೂ ಮಜಾ: ಅಣಬೆ ಗಿಡಕ್ಕಿಂತ ನಮಗೇ ಹತ್ತಿರದ ನೆಂಟ.

ಇಷ್ಟನ್ನೂ ಒಂದು ಪೀರಿಯಡ್‌ನಲ್ಲಿ ಹೇಳಬಹುದು. ಹೇಳಿ ನೋಡಿ, ಯಾವ ಹುಡುಗ ಆಕಳಿಸುತ್ತಾನೆ? ಪಟ್ಟಿ ಬದಲಾಯಿತು ಅಂತಷ್ಟೇ ಹೇಳಿ, ಯಾಕೆ ಅಂತ ಬಿಟ್ಟರೆ ಗೊಂದಲ ಆಗದೆ ಇನ್ನೇನಾಗುತ್ತದೆ?

ಪ್ಲೂಟೋಗಾಗಿ ಮರುಗುವವರು ಸೆರೆಸ್ ಹೆಸರನ್ನೇ ಎತ್ತುವುದಿಲ್ಲ. ಮಂಗಳ, ಗುರು ಗ್ರಹಗಳ ನಡುವೆ 1801ರಲ್ಲಿ ಸಿಕ್ಕ ಸೆರೆಸ್ ಕೂಡ ದಶಕಗಳ ಕಾಲ ಪುಸ್ತಕಗಳಲ್ಲಿ ಗ್ರಹವಾಗಿಯೇ ಇತ್ತು. ಅಂಥವು ಸಾಲಾಗಿ ಸಿಗತೊಡಗಿದವು, ಅದನ್ನು ಕ್ಷುದ್ರಗ್ರಹ ಮಾಡಿದರು. ಪ್ಲೂಟೋ ಕಥೆಯೂ ಹೀಗೇ. ಅದಕ್ಕಿಂತ ಭಾರದ ಎರಿಸ್ ಎಂಬ ದೂರದ ಕಾಯ 2005ರಲ್ಲಿ ಬೆಳಕಿಗೆ ಬಂತು, ಮರುವರ್ಷ ಪ್ರಾಗ್‌ನಲ್ಲಿ ಖಗೋಳಜ್ಞರು ಕೈ ಎತ್ತಿ ಮತ ಹಾಕಿದರು. ಪ್ಲೂಟೋ ಜೊತೆ ಸೆರೆಸ್ ಕೂಡ ಅವತ್ತು ಕುಬ್ಜ ಗ್ರಹವಾಯಿತು. ಸೆರೆಸ್‌ಗೆ ಅದು ಬಡ್ತಿ! ಅದನ್ನು ಗ್ರಹ ಅಂತ ಬಾಯಿಪಾಠ ಮಾಡಿದವರು ಯಾರೂ ಈಗ ಬದುಕಿಲ್ಲ, ಹಾಗಾಗಿ ಗಲಾಟೆಯೂ ಇಲ್ಲ. ನಮ್ಮ ಬೇಜಾರೆಲ್ಲ ನಾವು ಬಾಯಿಪಾಠ ಮಾಡಿದ್ದಕ್ಕೇ ಅಲ್ವಾ?

ಇನ್ನು ತಿಮಿಂಗಿಲ. ಲಿನೇಯಸ್ 1758ರಲ್ಲೇ ಅದನ್ನು ಮೀನುಗಳ ಗುಂಪಿನಿಂದ ತೆಗೆದು ಸಸ್ತನಿಗಳಿಗೆ ಸೇರಿಸಿದ್ದ. ಅರವತ್ತು ವರ್ಷ ಕಳೆದ ಮೇಲೆ, 1818ರಲ್ಲಿ, ನ್ಯೂಯಾರ್ಕಿನ ಕೋರ್ಟಿನಲ್ಲಿ ಒಂದು ದಾವೆ. ಮೀನೆಣ್ಣೆಗೆ ತಪಾಸಣೆ ಶುಲ್ಕ ಕಟ್ಟಬೇಕು, ಹಾಗಾದರೆ ತಿಮಿಂಗಿಲದ ಎಣ್ಣೆಗೆ? ವಿಜ್ಞಾನಿ ಬಂದು ಅದು ಮೀನಲ್ಲ ಅಂತ ಸಾಕ್ಷಿ ಹೇಳಿದ. ಜ್ಯೂರಿ ಕೇಳಲಿಲ್ಲ, ಮೀನೇ ಎಂದಿತು. ಶುಲ್ಕದವರಿಗೆ ಬೇಕಾದ ಗುಂಪು ಒಂದು, ಶರೀರ ಸೀಳಿ ನೋಡಿದವನಿಗೆ ಬೇಕಾದದ್ದು ಇನ್ನೊಂದು. ಗುಂಪು ಯಾರಿಗಾಗಿ, ಯಾವ ಕೆಲಸಕ್ಕಾಗಿ ಅಂತ ಕೇಳದೆ ಸರಿ-ತಪ್ಪು ಹೇಳುವುದು ಹೇಗೆ?

ನಮ್ಮ ಪರೀಕ್ಷೆಗಳಿಗೆ ಈ ಪ್ರಶ್ನೆಯೇ ಆಗದು. ಒಬ್ಬ ಹುಡುಗಿಯ ಉತ್ತರ ಪತ್ರಿಕೆ ನೋಡಿದ್ದೆ. ವೈರಸ್ ಯಾವ ಗುಂಪಿಗೂ ನೆಟ್ಟಗೆ ಸೇರುವುದಿಲ್ಲ, ಯಾಕೆಂದರೆ ಅದಕ್ಕೆ ಸ್ವಂತ ಕೋಶವಿಲ್ಲ, ಇನ್ನೊಂದು ಜೀವಿಯ ಕೋಶದೊಳಗೆ ಹೊಕ್ಕರೆ ಮಾತ್ರ ಸಂಖ್ಯೆ ಬೆಳೆಸುತ್ತದೆ ಅಂತ ಬರೆದಿದ್ದಳು. ಸೊನ್ನೆ! ಕೀ ಉತ್ತರದಲ್ಲಿ ಇದ್ದದ್ದು 'ಜೀವಿ-ನಿರ್ಜೀವಿಗಳ ನಡುವಿನ ಕೊಂಡಿ'. ಅವಳು ಹೇಳಿದ್ದೂ ಅದೇ ತಾನೇ, ಕಾರಣ ಸಮೇತ?

ದೊಡ್ಡವರ ಕಥೆಯೂ ಬೇರೆಯಲ್ಲ. ಎರಡು ವಿಭಾಗಗಳ ನಡುವೆ ಬೀಳುವ ವಿಷಯ ಹಿಡಿದ ಸಂಶೋಧಕ ಅಲೆದೂ ಅಲೆದೂ ಸುಸ್ತಾಗುತ್ತಾನೆ. ಇಲ್ಲಿ ಕೇಳಿದರೆ ಇದು ನಮ್ಮದಲ್ಲ, ಅಲ್ಲಿ ಹೋದರೆ ನಮ್ಮದೂ ಅಲ್ಲ. ಲೈಬ್ರರಿಗೆ ಹೋದರೆ ಅಲ್ಲಿ ಪುಸ್ತಕಗಳನ್ನು ವಿಷಯವಾರು ಜೋಡಿಸಲು ಅಮೆರಿಕದ ಗ್ರಂಥಪಾಲಕ ಡ್ಯೂಯಿ 1876ರಲ್ಲಿ ಹಾಕಿಕೊಟ್ಟ ಅಂಕಿಗಳು. ಧರ್ಮಕ್ಕೆ 200ರ ಸಾಲು, ಅದರಲ್ಲಿ ಹೆಚ್ಚಿನದೆಲ್ಲ ಕ್ರೈಸ್ತ ಧರ್ಮಕ್ಕೆ. ಜಗತ್ತಿನ ಉಳಿದೆಲ್ಲ ಧರ್ಮಗಳೂ 290ರಲ್ಲಿ ಒತ್ತಿಕೊಂಡು ಕೂರಬೇಕು. ಯಾರೋ ಒಬ್ಬರು, ತಮ್ಮ ಊರಲ್ಲಿ ಕೂತು, ತಮಗೆ ಕಂಡಂತೆ ಎಳೆದ ಗೆರೆ. ಅದನ್ನು ಹೇಳಿಕೊಡದ ಶಿಕ್ಷಣಕ್ಕೆ ಏನನ್ನೋಣ?

ನಿಮ್ಮನ್ನು ಬೈಯುವುದಿದ್ದರೆ ಒಂದೇ ವಿಷಯಕ್ಕೆ. ಪತ್ರದ ಕೊನೆಗೆ ನೀವೇ ಬರೆದಿದ್ದೀರಿ: ಕಲ್ಲುಹೂವು ಯಾವ ಗುಂಪು ಸರ್ ಅಂತ ಒಬ್ಬ ಹುಡುಗ ಕೇಳಿದ, ಸಿಲಬಸ್‌ನಲ್ಲಿ ಇಲ್ಲ, ಕೂತ್ಕೋ ಅಂದೆ ಅಂತ. ಅದನ್ನು ಮುಚ್ಚಿಡದೆ ಬರೆದಿರಿ ನೋಡಿ, ಅದಕ್ಕೇ ಇಷ್ಟುದ್ದ ಉತ್ತರ. ಆ ಹುಡುಗನಿಗೆ ಹೇಳಿ, ಕಲ್ಲುಹೂವು ಒಂದೇ ಜೀವಿಯಲ್ಲ. ಶಿಲೀಂಧ್ರದ ಜೊತೆ ಪಾಚಿಯೋ, ಬಿಸಿಲಿನಿಂದ ಊಟ ಮಾಡಿಕೊಳ್ಳುವ ಸಯನೋಬ್ಯಾಕ್ಟೀರಿಯಾವೋ ಕೂಡಿ ಮಾಡುವ ಸಂಸಾರ. ಊಟ ತಯಾರಿಸುವುದು ಶಿಲೀಂಧ್ರದ ಆ ಜೊತೆಗಾರ, ವೈಜ್ಞಾನಿಕ ಹೆಸರು ಮಾತ್ರ ಶಿಲೀಂಧ್ರದ್ದು. ಇದು ನ್ಯಾಯವೇ ಅಂತ ಅವನು ಕೇಳಿದರೆ ಈ ಸಲ ಕೂರಿಸಬೇಡಿ.