ಕ್ಷಮಿಸಿದ್ದೇನೆ ಎಂದು ದೇವರ ಮುಂದೆ ಸುಳ್ಳು ಹೇಳಬೇಕೇ?

ಪ್ರಶ್ನೆ: ನಾವು ಕಾರವಾರದ ಬೈತಖೋಲ ಬದಿಯ ಕ್ಯಾಥೋಲಿಕ್ ಕುಟುಂಬದವರು. ಯಜಮಾನರು ಟ್ರಾಲರ್ ಬೋಟಿನಲ್ಲಿ ಕೆಲಸ ಮಾಡುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧವಿರುವುದರಿಂದ ಅವರೂ ಈಗ ಮನೆಯಲ್ಲಿದ್ದು, ಸಂಜೆ ಎಲ್ಲರೂ ಕೂಡಿ ತೇರ್ಸ್ (ಜಪಮಾಲೆಯ ಪ್ರಾರ್ಥನೆ) ಮಾಡುತ್ತೇವೆ. ಬಾಯಿ ನಮೋ ಮರಿಯ ಹೇಳುತ್ತಿದ್ದರೂ ನನ್ನ ಮನಸ್ಸು ಭಾವನವರ ಮೇಲಿನ ಸಿಟ್ಟಿನಲ್ಲಿಯೇ ಇರುತ್ತದೆ. ಮನೆಯ ಹಿಸೆಯ ವಿಷಯಕ್ಕೆ ಎರಡೂ ಮನೆಗಳ ನಡುವೆ ಮಾತು ನಿಂತಿದೆ. ಗಡಿಯ ಮೇಲಿರುವ ತೆಂಗಿನಮರದ ಕಾಯಿಯನ್ನೂ ಅವರೇ ಕೊಯ್ಸಿಕೊಂಡು ಹೋಗುತ್ತಾರೆ. ‘ಅವರನ್ನು ಕ್ಷಮಿಸಿದ್ದೇನೆ ದೇವರೇ’ ಎಂದು ದಿನಾ ಹೇಳುತ್ತೇನೆ, ಅದು ಸುಳ್ಳೆಂದು ನನಗೇ ಗೊತ್ತು. ಮೊದಲಿನಂತೆ ಪ್ರಾರ್ಥನೆಯಲ್ಲಿ ಕಣ್ಣೀರೂ ಬರುವುದಿಲ್ಲ. ದೇವರಿಗೆ ಹತ್ತಿರವಾಗಲು ಇನ್ನೇನು ಮಾಡಬೇಕು?

ಉತ್ತರ: ಇನ್ನೇನು ಮಾಡಬೇಕೆಂದು ಕೇಳಿದ್ದೀರಿ. ನೊವೇನಾ ಎಂಬ ಒಂಬತ್ತು ದಿನಗಳ ಪ್ರಾರ್ಥನೆ, ಉಪವಾಸ, ವೇಲಾಂಕಣಿಯ ಹರಕೆ ಇವುಗಳಲ್ಲಿ ಯಾವುದನ್ನಾದರೂ ಹೊಸದಾಗಿ ಹಚ್ಚಿಕೊಳ್ಳುವ ಮೊದಲು, ಸುಳ್ಳೆಂದು ನಿಮಗೇ ಗೊತ್ತಿರುವ ಆ ಒಂದು ವಾಕ್ಯವನ್ನು ನಿಮ್ಮ ಪ್ರಾರ್ಥನೆಯಿಂದ ತೆಗೆದುಹಾಕಿ ಎಂಬುದೇ ನನ್ನ ಸಲಹೆ. ದೇವರ ಮುಂದೆ ಒಳ್ಳೆಯ ಮಾತನ್ನೇ ಆಡಬೇಕು, ಸಿಟ್ಟು ಬಾಯಿಗೆ ಬಂದರೆ ಪಾಪ ಎಂದು ನಮ್ಮ ಮನೆಗಳಲ್ಲಿ ಚಿಕ್ಕಂದಿನಿಂದಲೂ ಕಲಿಸುತ್ತಾರೆ. ಪವಿತ್ರ ಗ್ರಂಥ ಹಾಗೆ ಕಲಿಸುವುದಿಲ್ಲ. ಅದರಲ್ಲಿರುವ 150 ಕೀರ್ತನೆಗಳಲ್ಲಿ ಗೋಳಿನ, ದೂರಿನ ಪ್ರಾರ್ಥನೆಗಳೇ ಬಹಳಷ್ಟಿವೆ. 13ನೆಯ ಕೀರ್ತನೆ ‘ಇನ್ನೆಷ್ಟು ಕಾಲ’ ಎಂದು ಮತ್ತೆ ಮತ್ತೆ ದೇವರನ್ನು ಕೇಳುವುದರಿಂದಲೇ ಆರಂಭವಾಗುತ್ತದೆ. 88ನೆಯದು ಸಮಾಧಾನದ ಒಂದು ಮಾತೂ ಇಲ್ಲದೆ ಕತ್ತಲೆಯಲ್ಲಿಯೇ ಮುಗಿಯುತ್ತದೆ. 109ನೆಯದರಲ್ಲಿ ವೈರಿಗೆ ಹಾಕಿದ ಶಾಪದ ಮಾತುಗಳು ಇಂದಿಗೂ ಓದಲು ಮುಜುಗರವಾಗುವಷ್ಟು ಕಟುವಾಗಿವೆ. ಇವನ್ನು ಯಾರೂ ಗ್ರಂಥದಿಂದ ಕಿತ್ತುಹಾಕಲಿಲ್ಲ. ಯೇಸುಸ್ವಾಮಿ ಶಿಲುಬೆಯ ಮೇಲೆ ‘ನನ್ನ ದೇವರೇ, ಏಕೆ ನನ್ನ ಕೈಬಿಟ್ಟೆ’ ಎಂದು ಕೂಗಿದಾಗ ಅವರ ಬಾಯಿಗೆ ಬಂದದ್ದು 22ನೆಯ ಕೀರ್ತನೆಯ ಮೊದಲ ಸಾಲು.

ತೇರ್ಸಿನ ಪ್ರತಿಯೊಂದು ರಹಸ್ಯದ, ಅಂದರೆ ಯೇಸು-ಮರಿಯರ ಬದುಕಿನ ಒಂದೊಂದು ಘಟನೆಯನ್ನು ಧ್ಯಾನಿಸುವ ಭಾಗದ, ಮೊದಲಿಗೆ ಪ್ರಭು ಕಲಿಸಿದ ಪ್ರಾರ್ಥನೆ ಬರುತ್ತದೆ. ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ ನಮ್ಮನ್ನೂ ಕ್ಷಮಿಸು ಎಂಬ ಸಾಲಿನಲ್ಲಿ ನಿಮ್ಮ ನಾಲಿಗೆ ತಡವರಿಸುತ್ತಿದ್ದರೆ, ಆ ಸಾಲಿಗೆ ಅಂಜಿದವರಲ್ಲಿ ನೀವು ಮೊದಲಿಗರಲ್ಲ. ಇಡೀ ಸಭೆ ಈ ಪ್ರಾರ್ಥನೆಯನ್ನು ಹೇಳುತ್ತಿರುವಾಗ, ತಮ್ಮ ಮಾತು ತಮಗೇ ಉರುಳಾದೀತೆಂಬ ಭಯದಿಂದ ಕೆಲವರು ಆ ಸಾಲು ಬಂದಾಗ ಸುಮ್ಮನಾಗಿಬಿಡುತ್ತಿದ್ದರೆಂದು ಐದನೆಯ ಶತಮಾನದ ಸನ್ಯಾಸಿ ಜಾನ್ ಕ್ಯಾಸಿಯನ್ ಬರೆದಿದ್ದಾರೆ. ಹಾಗೆ ಬಾಯಿ ಮುಚ್ಚಿಕೊಂಡರೆ ದೇವರಿಂದ ತಪ್ಪಿಸಿಕೊಂಡಂತಾಗುವುದಿಲ್ಲ ಎಂಬುದು ಅವರ ಅಭಿಪ್ರಾಯ, ನನ್ನದೂ ಅದೇ. ಸಾಲನ್ನು ಬಿಡಬೇಡಿ. ತೇರ್ಸ್ ಮುಗಿದು ಉಳಿದವರು ಊಟಕ್ಕೆ ಏಳುವಾಗ ನೀವೊಬ್ಬರೇ ಎರಡು ನಿಮಿಷ ಹಿಂದುಳಿದು, ನಿಮ್ಮ ಮನೆಮಾತಿನಲ್ಲಿಯೇ ಹೀಗೆ ಹೇಳಿ: ‘ಸ್ವಾಮಿ, ಇವತ್ತು ಬೆಳಿಗ್ಗೆ ಭಾವ ಆ ಮರದ ಕಾಯಿ ಕೊಯ್ಸುವಾಗ ನನ್ನ ಮೈ ಉರಿಯಿತು. ಅವರನ್ನು ಕ್ಷಮಿಸುವ ಮನಸ್ಸು ನನಗಿಲ್ಲ. ಆ ಮನಸ್ಸು ಬರಲಿ ಎಂಬ ಆಸೆಯೂ ಇವತ್ತು ಇಲ್ಲ. ಇದ್ದದ್ದು ಇಷ್ಟು.’ ಮುಂದೆ ಏನನ್ನೂ ಸೇರಿಸಬೇಡಿ. ನಾಳೆ ಇದೇ ಸ್ಥಿತಿ ಇದ್ದರೆ ಇದನ್ನೇ ಹೇಳಿ. ಗೆತ್ಸೆಮನೆಯ ತೋಟದಲ್ಲಿ ಯೇಸುಸ್ವಾಮಿಯೂ ಮೂರನೆಯ ಬಾರಿ ಅದೇ ಮಾತುಗಳನ್ನೇ ಹೇಳಿ ಪ್ರಾರ್ಥಿಸಿದರೆಂದು ಮತ್ತಾಯ ಬರೆದಿದ್ದಾರೆ. ಸ್ವಲ್ಪ ದಿನಗಳಲ್ಲಿ ವಾಕ್ಯ ತಾನಾಗಿಯೇ ಬದಲಾಗುವುದುಂಟು: ಮನಸ್ಸಿಲ್ಲ ಎಂಬುದು ಹೋಗಿ, ಮನಸ್ಸು ಕೊಡು ಎಂಬುದು ಬರುತ್ತದೆ. ಅದನ್ನು ಅವಸರ ಮಾಡಿ ಬರಿಸಿಕೊಂಡರೆ ಮತ್ತೆ ಹಳೆಯ ಸುಳ್ಳಿಗೇ ಮರಳಿದಂತೆ.

ಇಲ್ಲಿ ಇನ್ನೊಂದು ವಿಷಯವಿದೆ, ಅದು ನಿಮಗೆ ಹಿತವಾಗಲಾರದು. ಮತ್ತಾಯನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ, ಕಾಣಿಕೆಯನ್ನು ಬಲಿಪೀಠದ ಮುಂದೆ ಬಿಟ್ಟು ಮೊದಲು ಹೋಗಿ ಸೋದರನೊಡನೆ ರಾಜಿಯಾಗು ಎಂದು ಯೇಸು ಹೇಳುತ್ತಾರೆ. ಆ ಮಾತನ್ನು ಸಾವಧಾನವಾಗಿ ಓದಿ. ನಿನಗೆ ಅವನ ಮೇಲೆ ಸಿಟ್ಟಿದ್ದರೆ ಎಂದು ಅಲ್ಲಿಲ್ಲ, ನಿನ್ನ ಮೇಲೆ ಅವನ ದೂರೇನಾದರೂ ಇರುವುದು ನೆನಪಾದರೆ ಎಂದಿದೆ. ನಿಮ್ಮ ಪತ್ರದಲ್ಲಿ ಭಾವನವರು ಮಾಡಿದ್ದು ವಿವರವಾಗಿದೆ. ನಿಮ್ಮ ಮೇಲೆ ಅವರ ದೂರೇನು ಎಂಬುದು ಒಂದು ಸಾಲೂ ಇಲ್ಲ. ಬಹುಶಃ ಏನೂ ಇಲ್ಲದಿರಬಹುದು. ಆದರೂ ಹಾಸಿಗೆಗೆ ಹೋಗುವ ಮೊದಲು ದಿನವನ್ನು ಬೆಳಗಿನಿಂದ ಒಮ್ಮೆ ಹಿಂತಿರುಗಿ ನೋಡಿ, ಕೃತಜ್ಞತೆ ಹೇಳಬೇಕಾದದ್ದೇನು, ತಾನು ತಪ್ಪಿದ್ದೆಲ್ಲಿ ಎಂದು ಕೇಳಿಕೊಳ್ಳುವ, ಲೊಯೋಲಾದ ಸಂತ ಇಗ್ನಾಸಿಯವರು ಕಲಿಸಿಕೊಟ್ಟ ಅಭ್ಯಾಸವನ್ನು ಮಾಡುವಾಗ ಈ ಪ್ರಶ್ನೆಯನ್ನೂ ಸೇರಿಸಿಕೊಳ್ಳಿ.

ಕ್ಷಮೆ ಎಂದರೆ ಹಿಸೆಯನ್ನು ಬಿಟ್ಟುಕೊಡುವುದಲ್ಲ. ಪಹಣಿ, ಸರ್ವೆ, ವಕೀಲರ ಕೆಲಸ ಆಯಾ ಜಾಗದಲ್ಲಿ ನಡೆಯಲಿ; ದೇವರ ಹೆಸರಿನಲ್ಲಿ ಹೆಂಗಸರ ಪಾಲನ್ನು ಸುಮ್ಮನೆ ಬಿಡಿಸಿದ ಉದಾಹರಣೆಗಳು ನಮ್ಮ ಕರಾವಳಿಯ ಮನೆಗಳಲ್ಲಿ ಬೇಕಾದಷ್ಟಿವೆ, ಅದನ್ನು ಭಕ್ತಿ ಎನ್ನಲು ನಾನು ಒಪ್ಪುವುದಿಲ್ಲ.

ಕಣ್ಣೀರಿನ ವಿಷಯ. ಆವಿಲಾದ ಸಂತ ತೆರೇಸಾ 16ನೆಯ ಶತಮಾನದವರು, ಪ್ರಾರ್ಥನೆಯ ಬಗ್ಗೆ ಅವರಷ್ಟು ಅಧಿಕಾರದಿಂದ ಬರೆದವರು ಕಡಿಮೆ. 1970ರಲ್ಲಿ ಪೋಪ್ ಆರನೆಯ ಪೌಲರು ಅವರನ್ನು ಇಡೀ ಧರ್ಮಸಭೆಯ ಆಚಾರ್ಯೆ ಎಂದು ಘೋಷಿಸಿದರು. ಪ್ರಾರ್ಥನೆಯ ಹೊತ್ತು ಎಂದು ಮುಗಿಯುವುದೋ ಎಂದು ಗಡಿಯಾರದ ಸದ್ದಿಗೆ ಕಿವಿಗೊಟ್ಟು ಕುಳಿತಿರುತ್ತಿದ್ದ ಕಾಲವೊಂದಿತ್ತು, ಅದು ವರ್ಷಗಟ್ಟಲೆ ನಡೆಯಿತು ಎಂದು ಅವರೇ ಬರೆದುಕೊಂಡಿದ್ದಾರೆ. ಕೋಲ್ಕತ್ತದ ಮದರ್ ತೆರೇಸಾ ಅವರ 2007ರಲ್ಲಿ ಪ್ರಕಟವಾದ ಪತ್ರಗಳಲ್ಲಿಯೂ ಇಂಥದೇ ದೀರ್ಘಕಾಲದ ಒಳಗತ್ತಲಿನ ಮಾತಿದೆ. ಕಣ್ಣೀರು ಬಂದ ದಿನ ದೇವರು ಹತ್ತಿರ, ಬಾರದ ದಿನ ದೂರ ಎಂಬ ಲೆಕ್ಕವನ್ನು ಬಿಟ್ಟುಬಿಡಿ. ಆದರೆ ನಿದ್ದೆ ಕೆಟ್ಟು, ಊಟ ಸೇರದೆ, ಯಾವ ಕೆಲಸದಲ್ಲಿಯೂ ಮನಸ್ಸಿಲ್ಲದ ಸ್ಥಿತಿ ವಾರಗಟ್ಟಲೆ ಮುಂದುವರಿದರೆ ಅದನ್ನು ಪ್ರಾರ್ಥನೆಯ ಶುಷ್ಕತೆ ಎಂದುಕೊಂಡು ಕೂರದೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ನಾನು ಶಿರಸಿಯಲ್ಲಿ ಓದುತ್ತಿರುವ ಕಾಲೇಜು ವಿದ್ಯಾರ್ಥಿ. ಯೇಸು ಸತ್ತು ಮತ್ತೆ ಎದ್ದರೆಂಬ ಪುನರುತ್ಥಾನದ ಬಗ್ಗೆ ನನಗೆ ಸಂಶಯಗಳಿವೆ. ಹೀಗಿದ್ದೂ ಭಾನುವಾರದ ಪೂಜೆಯಲ್ಲಿ ಎಲ್ಲರೊಂದಿಗೆ ನಿಂತು, ‘ನಾನು ನಂಬುತ್ತೇನೆ’ ಎನ್ನುವ ವಿಶ್ವಾಸ ಪ್ರಮಾಣ ಹೇಳುವುದು ಆತ್ಮವಂಚನೆಯಲ್ಲವೇ?

ಉತ್ತರ: ಅಲ್ಲ. ಆ ಪ್ರಮಾಣವೇ ವಾದವಿವಾದಗಳಿಂದ ಹುಟ್ಟಿದ್ದು: 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪ್ಪರು ಯೇಸು ಯಾರೆಂಬ ಪ್ರಶ್ನೆಯ ಮೇಲೆ ವಾದಿಸಿ ಅದರ ಮೊದಲ ರೂಪವನ್ನು ಒಪ್ಪಿದರು, ಈಗ ನಾವು ಹೇಳುವ ರೂಪವನ್ನು 381ರ ಕಾನ್‌ಸ್ಟಾಂಟಿನೋಪಲ್ ಸಭೆಯ ಹೆಸರಿನೊಂದಿಗೆ ಗುರುತಿಸುತ್ತಾರೆ. ನೀವು ಹೇಳುತ್ತಿರುವುದು ಧರ್ಮಸಭೆ ಶತಮಾನಗಳಿಂದ ಹಿಡಿದುಕೊಂಡು ಬಂದ ನಂಬಿಕೆಯನ್ನು. ನಿಮ್ಮ ಪಾಲಿನ ತೊಡಕನ್ನು ಮಾರ್ಕನ ಶುಭಸಂದೇಶದಲ್ಲಿ ಮಗನ ಕಾಯಿಲೆಗಾಗಿ ಬಂದ ತಂದೆ ಹೇಳಿದಂತೆ ‘ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು’ ಎಂದು ಸೇರಿಸಿಕೊಳ್ಳಬಹುದು. ನಿಮ್ಮದೇ ಸಂಶಯವಿದ್ದ ಯೇಸುವಿನ ಶಿಷ್ಯ ತೋಮ, ಉಳಿದ ಶಿಷ್ಯರು ಪ್ರಭುವನ್ನು ನೋಡಿದೆವೆಂದಾಗ ಒಪ್ಪಲಿಲ್ಲ. ಆದರೂ ಎಂಟು ದಿನ ಕಳೆದ ಮೇಲೆ ಅವನು ಅದೇ ಕೋಣೆಯಲ್ಲಿ ಅವರೊಂದಿಗೇ ಇದ್ದ: ಅವರು ಹೊರಗೆ ಹಾಕಿರಲಿಲ್ಲ, ಇವನೂ ಬಿಟ್ಟು ಹೋಗಿರಲಿಲ್ಲ.

ಹಾಗೆಂದು ಸಂಶಯವನ್ನು ಮನಸ್ಸಿನಲ್ಲಿಯೇ ಇಟ್ಟುಕೊಂಡು ತಿರುಗಬೇಡಿ. ನಿಮ್ಮ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಭಾನುವಾರ ಪೂಜೆ ಮುಗಿದ ಗದ್ದಲದಲ್ಲಿ ಅಲ್ಲ, ವಾರದ ನಡುವೆ ಬಿಡುವಿನ ಹೊತ್ತನ್ನು ಮೊದಲೇ ಕೇಳಿಕೊಂಡು, ಫಾದರ್ ಅವರೊಡನೆ ಕುಳಿತು ಮಾತನಾಡಿ. ಒಬ್ಬರು ಪ್ರಶ್ನೆ ಕೇಳಿದ್ದಕ್ಕೇ ಸಿಡುಕಿದರೆ ಇನ್ನೊಬ್ಬರಲ್ಲಿಗೆ ಹೋಗಿ.